ಮಗಳ ಹೆಸರಿನ ಕೊನೆಗೆ ಒಂದು ‘ಓವಾ’

ಪ್ರಶ್ನೆ:

ಅಮ್ಮಾ, ನಾವು ಜಯನಗರ ನಾಲ್ಕನೇ ‘ಟಿ’ ಬ್ಲಾಕಿನಲ್ಲಿದ್ದೇವೆ. ಯಜಮಾನರದು ಗುಬ್ಬಿ ಕಡೆ, ನನ್ನ ತವರು ಹಾಸನ. ನಮಗೆ ಒಬ್ಬಳೇ ಮಗಳು. ಇಲ್ಲೇ ಬನಶಂಕರಿಯಲ್ಲಿ ಬಿ.ಇ. ಓದಿ, ಹೆಚ್ಚಿನ ಓದಿಗೆಂದು ಚೆಕ್ ದೇಶದ ಬ್ರನೋ ನಗರಕ್ಕೆ ಹೋದವಳು ಅಲ್ಲೇ ಕೆಲಸಕ್ಕೆ ಸೇರಿಕೊಂಡಳು. ಅಲ್ಲಿನ ಹುಡುಗನೊಬ್ಬನನ್ನು ಇಷ್ಟಪಟ್ಟಿದ್ದಾಳೆ. ಹೋದ ಯುಗಾದಿಗೆ ಆತ ಮನೆಗೂ ಬಂದಿದ್ದ. ಬಾಳೆಲೆಯ ಮುಂದೆ ಕಾಲು ಮಡಚಿ ಕೂತು ಊಟ ಮಾಡಿದ, ನಮ್ಮ ಅತ್ತೆಯವರ ಕಾಲಿಗೆ ನಮಸ್ಕಾರ ಮಾಡಿದ. ಹುಡುಗನ ಬಗ್ಗೆ ನಮ್ಮದೇನೂ ತಕರಾರಿಲ್ಲ.

ತೊಂದರೆ ಬಂದಿರುವುದು ಹೆಸರಿನಿಂದ. ಹುಡುಗನ ಮನೆತನದ ಹೆಸರು ನವ್ರಾತಿಲ್. ಮದುವೆಯಾದರೆ ನಮ್ಮ ಮಗಳು ನವ್ರಾತಿಲೋವಾ ಆಗುತ್ತಾಳಂತೆ. ‘ಓವಾ’ ಅಂದರೆ ‘ಅವನ ಸೊತ್ತು’ ಅಂತ ಅರ್ಥ ಎಂದು ನನ್ನ ಮೈದುನ ಎಲ್ಲಿಯೋ ಓದಿಕೊಂಡು ಬಂದು ಹೇಳಿದ. ಅಂದಿನಿಂದ ನನಗೆ ಸಮಾಧಾನವಿಲ್ಲ. ಗಂಡನದೊಂದು ಹೆಸರು, ಹೆಂಡತಿಯದೊಂದು ಹೆಸರು, ಇದೇನು ಪದ್ಧತಿ ಅಂತ ಅತ್ತೆಯವರ ಪ್ರಶ್ನೆ. ಮಗಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ನಮ್ಮ ಯಜಮಾನರ ಹೆಸರೇ ಇದೆ. ಅದು ಹೋಗುತ್ತದಲ್ಲ ಎಂದು ಅವರಿಗೆ ಒಳಗೊಳಗೇ ಸಂಕಟ, ಬಾಯಿ ಬಿಟ್ಟು ಹೇಳುವುದಿಲ್ಲ. ನನಗೂ ಮದುವೆಯಾದ ಮೇಲೆ ಇನಿಷಿಯಲ್ ಬದಲಾಯಿತು, ಆದರೆ ಅದು ಬೇರೆ, ಇದು ಬೇರೆ ಅಲ್ಲವೇ? ಫೋನಿನಲ್ಲಿ ಈ ಮಾತು ತೆಗೆದರೆ ಸಾಕು, ಮಗಳು ರೇಗುತ್ತಾಳೆ. ಏನು ಮಾಡಲಿ?

— ಹೆಸರು ಬೇಡ, ಜಯನಗರ

ಉತ್ತರ:

ತಾಯೀ, ಮೊದಲು ಆ ಹೆಸರಿನ ಅರ್ಥ ಹೇಳಿಬಿಡುತ್ತೇನೆ. ನವ್ರಾತಿಲ್ ಎಂದರೆ ‘ಮರಳಿ ಬಂದವನು’. ಯುದ್ಧಕ್ಕೋ ದುಡಿಮೆಗೋ ಊರು ಬಿಟ್ಟು ಹೋದವನು, ಇನ್ನು ಬರಲಾರ ಎಂದುಕೊಂಡಿದ್ದವನು, ಒಂದು ದಿನ ತಿರುಗಿ ಬಂದ. ಊರಿನವರು ಅವನನ್ನು ಹಾಗೆಯೇ ಕರೆದರು, ಕರೆದದ್ದು ಮಕ್ಕಳಿಗೂ ಮೊಮ್ಮಕ್ಕಳಿಗೂ ಅಂಟಿಕೊಂಡಿತು. ನಿಮ್ಮ ಮಗಳಿರುವ ಬ್ರನೋ ಮೊರಾವಿಯಾ ಎಂಬ ಸೀಮೆಯ ಮುಖ್ಯ ಪಟ್ಟಣ. ಹೀಗೆ ಕ್ರಿಯಾಪದವೇ ಮನೆತನದ ಹೆಸರಾಗಿರುವುದು ಆ ಸೀಮೆಯಲ್ಲಿ ಹೆಚ್ಚು. ಪೊಸ್ಪೀಶಿಲ್ ಅಂದರೆ ಅವಸರಪಟ್ಟವನು, ವಿಸ್ಕೋಚಿಲ್ ಅಂದರೆ ಛಂಗನೆ ಹಾರಿದವನು, ದೊಲೆಝಲ್ ಅಂದರೆ ಬಿದ್ದುಕೊಂಡೇ ಇದ್ದವನು. ಎಲ್ಲವೂ ಊರ ಜನ ಆಳನ್ನು ನೋಡಿ ಇಟ್ಟ ಹೆಸರುಗಳು. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರನ್ನು ಇಂದಿಗೂ ಅಡ್ಡಹೆಸರು ಎನ್ನುತ್ತಾರಲ್ಲ, ಅದೇ ಜಾತಿಯವು.

ಅಲ್ಲಿಯ ಉಳಿದ ಹೆಸರುಗಳನ್ನು ಕೇಳಿದರೆ ನಿಮಗೆ ಆ ದೇಶ ಅಷ್ಟು ದೂರದ್ದು ಅನ್ನಿಸುವುದಿಲ್ಲ. ಕೊವಾರ್ಜ್ ಎಂದರೆ ನಮ್ಮ ಕಮ್ಮಾರ. ತೆಸಾರ್ಜ್ ಎಂದರೆ ಬಡಿಗೇರ. ಕ್ರೈಚೀ ಎಂದರೆ ಬಟ್ಟೆ ಹೊಲಿಯುವ ಸಿಂಪಿಗ. ಅಲ್ಲಿ ಬೀದಿಗೊಬ್ಬರಂತೆ ಸಿಗುವ ನೊವಾಕ್ ಎಂದರೆ ಊರಿಗೆ ಹೊಸದಾಗಿ ಬಂದು ನೆಲೆಸಿದವನು. ಧಾರವಾಡದ ಕಡೆ ಹೋದರೆ ಹೊಸಮನಿ ಎಂಬ ಅಡ್ಡಹೆಸರಿನವರು ಎಷ್ಟು ಜನ ಸಿಗುತ್ತಾರೆ ನೋಡಿ. ಬಹುಕಾಲ ಬಾಯಿಮಾತಿನಲ್ಲಿ ಓಡಾಡಿಕೊಂಡಿದ್ದ ಇಂಥ ಹೆಸರುಗಳು ತಂದೆಯಿಂದ ಮಕ್ಕಳಿಗೆ ಕಡ್ಡಾಯವಾಗಿ ಬರಬೇಕು ಎಂದಾದದ್ದು 18ನೇ ಶತಮಾನದ ಕೊನೆಗೆ, ಎರಡನೇ ಜೋಸೆಫ್ ಎಂಬ ಹ್ಯಾಬ್ಸ್‌ಬರ್ಗ್ ದೊರೆಯ ಆಳ್ವಿಕೆಯಲ್ಲಿ. ತೆರಿಗೆಗೆ, ಸೈನ್ಯಕ್ಕೆ ಜನರ ಲೆಕ್ಕ ಇಡಲು ಸರ್ಕಾರಕ್ಕೆ ಗಟ್ಟಿಯಾದ ಹೆಸರು ಬೇಕಿತ್ತು.

ಇನ್ನು ‘ಓವಾ’. ನಿಮ್ಮ ಮೈದುನ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಪ್ರತ್ಯಯ ಹುಟ್ಟಿದ್ದು ನಮ್ಮ ಷಷ್ಠೀ ವಿಭಕ್ತಿಯಂಥ ರೂಪದಿಂದಲೇ. ನೊವಾಕನ ಹೆಂಡತಿ, ನೊವಾಕನ ಮಗಳು ಎನ್ನುವಾಗ ಬರುವ ‘ನ’ ಇದೆಯಲ್ಲ, ಅದರ ಕೆಲಸವನ್ನು ಒಂದು ಕಾಲಕ್ಕೆ ಅದು ಮಾಡುತ್ತಿತ್ತು. ಹೆಣ್ಣನ್ನು ಗಂಡಿನ ಮೂಲಕವೇ ಗುರುತಿಸುತ್ತಿದ್ದ ಕಾಲದ ಗುರುತು ಅದರ ಮೇಲಿದೆ, ಇದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮಲ್ಲೂ ಗೌಡನ ಹೆಂಡತಿ ಗೌಡ್ತಿ ಆದದ್ದು ತಾನು ಗೌಡಿಕೆ ಮಾಡಿದ್ದಕ್ಕಲ್ಲ.

ಆದರೆ ಹುಟ್ಟಿದ ಅರ್ಥದಲ್ಲೇ ಪದ ನಿಂತಿರುವುದಿಲ್ಲ. ಇವತ್ತಿನ ಚೆಕ್ ಮಾತಿನಲ್ಲಿ ‘ಓವಾ’ ಹೇಳುವುದು ಒಂದೇ ಸಂಗತಿ, ಈಕೆ ಹೆಣ್ಣು ಎಂದು. ಅಲ್ಲಿಯ ಪತ್ರಿಕೆಗಳು ನಮ್ಮ ಇಂದಿರಾ ಗಾಂಧಿಯವರನ್ನು ಇಂದಿರಾ ಗಾಂಧಿಯೋವಾ ಎಂದೇ ಬರೆಯುತ್ತಿದ್ದವು. ಜರ್ಮನಿಯ ಏಂಜೆಲಾ ಮರ್ಕೆಲ್ ಅಲ್ಲಿ ಮರ್ಕೆಲೋವಾ. ಹ್ಯಾರಿ ಪಾಟರ್ ಬರೆದ ರೌಲಿಂಗ್ ಅವರ ಹೆಸರು ಚೆಕ್ ಅನುವಾದದ ರಕ್ಷಾಪುಟದ ಮೇಲೆ ರೌಲಿಂಗೋವಾ ಎಂದು ಅಚ್ಚಾಗಿದೆ. ಇವರೆಲ್ಲ ಯಾರ ಸೊತ್ತು? ಭಾಷೆಗೆ ಅದರಿಂದ ಅನುಕೂಲವಿದೆ, ಅದಕ್ಕೇ ಅದು ಉಳಿದುಕೊಂಡಿದೆ. ಚೆಕ್ ಭಾಷೆಯಲ್ಲಿ ಏಳು ವಿಭಕ್ತಿಗಳು, ಹೆಸರಿಗೂ ವಿಭಕ್ತಿ ಹತ್ತಬೇಕು. ಹತ್ತುವ ರೀತಿ ಗಂಡಸಿನ ಹೆಸರಿಗೆ ಒಂದು, ಹೆಂಗಸಿನ ಹೆಸರಿಗೆ ಇನ್ನೊಂದು. ಬಂದನೋ ಬಂದಳೋ ಎಂಬುದನ್ನು ಕನ್ನಡ ಕ್ರಿಯಾಪದದಲ್ಲಿ ಹೇಳಿ ಮುಗಿಸುತ್ತದೆ. ಅವರ ಭಾಷೆ ಕ್ರಿಯಾಪದದಲ್ಲೂ ಹೇಳುತ್ತದೆ, ಹೆಸರಿನಲ್ಲೂ ಹೇಳುತ್ತದೆ.

ಎಲ್ಲ ಹೆಸರಿಗೂ ‘ಓವಾ’ ಬರುತ್ತದೆ ಎಂದೂ ಇಲ್ಲ. 1998ರಲ್ಲಿ ವಿಂಬಲ್ಡನ್ ಗೆದ್ದ ಯಾನಾ ನೊವೊತ್ನಾ ನೆನಪಿರಬಹುದು. ಆ ಮನೆಯ ಗಂಡಸರು ನೊವೊತ್ನೀ, ಹೆಂಗಸರು ನೊವೊತ್ನಾ. ಗುಣವಾಚಕ ಹೆಸರುಗಳಿಗೆ ಕೊನೆಯ ಸ್ವರ ಬದಲಾದರೆ ಸಾಕು, ‘ಯಾರ’ ಎಂಬ ಮಾತೇ ಅಲ್ಲಿ ಏಳುವುದಿಲ್ಲ. ಸಿಂಪಿಗ ಎಂದೆನಲ್ಲ, ಆ ಕ್ರೈಚೀ ಗಂಡಿಗೂ ಹೆಣ್ಣಿಗೂ ಒಂದೇ. ‘ಓವಾ’ ಬರುವ ಕಡೆಯೂ ಮನೆತನ ಒಂದೇ: ಲೇಖಕ ಮಿಲನ್ ಕುಂದೇರಾ ಅವರ ಪತ್ನಿ ವೇರಾ ಕುಂದೇರೋವಾ. ಹೀಗಾಗಿ ನಿಮ್ಮ ಅತ್ತೆಯವರಿಗೆ ಹೇಳಿ, ಹೆಸರು ಎರಡಲ್ಲ, ಒಂದೇ. ಬೀಗ, ಬೀಗಿತ್ತಿ ಎಂದರೆ ಎರಡು ಮನೆಯವರು ಎಂದಾಗುತ್ತದೆಯೇ?

ನವ್ರಾತಿಲೋವಾ ಎಂದೊಡನೆ ನಿಮ್ಮ ನಮ್ಮ ವಯಸ್ಸಿನವರಿಗೆ ಕಣ್ಣಿಗೆ ಬರುವುದು ಎಡಗೈ ಟೆನಿಸ್ ಆಟದ ಮಾರ್ಟಿನಾ. 1956ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದಾಗ ಆಕೆಯ ಹೆಸರು ಮಾರ್ಟಿನಾ ಶುಬರ್ತೋವಾ. ತಂದೆ ತಾಯಿ ಬೇರೆಯಾದರು, ತಾಯಿ ಮಿರೆಕ್ ನವ್ರಾತಿಲ್ ಎಂಬವರನ್ನು ಮದುವೆಯಾದರು. ಮಗುವಿನ ಕೈಗೆ ರಾಕೆಟ್ ಹಿಡಿಸಿ ಆಟ ಕಲಿಸಿದ ಮೊದಲ ಗುರು ಆ ಮಲತಂದೆಯೇ. ಅವರ ಹೆಸರನ್ನೇ ಆಕೆ ಇಟ್ಟುಕೊಂಡರು. 1975ರಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದರು, ವಿಂಬಲ್ಡನ್ ಸಿಂಗಲ್ಸ್ ಪಟ್ಟವನ್ನು 9 ಸಲ ಗೆದ್ದರು. 1986ರಲ್ಲಿ ಫೆಡರೇಷನ್ ಕಪ್ ಆಡಲು ಅಮೆರಿಕದ ತಂಡದೊಡನೆ ಅದೇ ಪ್ರಾಗ್‌ಗೆ ಬಂದಾಗ ಅಲ್ಲಿಯ ಜನ ಅವರನ್ನು ಮನೆಮಗಳಂತೆ ಎದುರುಗೊಂಡರು. ಆ ‘ಓವಾ’ದಲ್ಲಿ ಗಂಡನಿಲ್ಲ, ಯಜಮಾನಿಕೆಯೂ ಇಲ್ಲ. ಸಾಕಿ ಆಟ ಕಲಿಸಿದವರ ಋಣವಿದೆ.

ಈಗ ನಿಮ್ಮ ಕಾಗದದ ಆ ಒಂದು ಸಾಲಿಗೆ ಬರುತ್ತೇನೆ, ‘ಅದು ಬೇರೆ, ಇದು ಬೇರೆ ಅಲ್ಲವೇ’ ಎಂದು ಕೇಳಿದ್ದೀರಿ. ಬೇರೆಯಲ್ಲ, ತಾಯಿ. ನಿಮ್ಮ ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡನ್ನು ಬೀರುವಿನಿಂದ ಒಮ್ಮೆ ತೆಗೆದು ನೋಡಿ. ಹಾಸನದ ಹೆಚ್ಚಿನ ಹೆಣ್ಣುಮಕ್ಕಳಿಗಿದ್ದಂತೆ ಅದರಲ್ಲಿ ನಿಮ್ಮ ಹೆಸರಿನ ಮುಂದೆ ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ ಇದ್ದೀತು. ಪಕ್ಕದಲ್ಲೇ ಬ್ಯಾಂಕಿನ ಪಾಸ್‌ಬುಕ್ ಇಟ್ಟುಕೊಳ್ಳಿ. ಆ ಎರಡು ಅಕ್ಷರ ಹೋಗಿ ಗಂಡನ ಮನೆಯ ಅಕ್ಷರ ಕೂತಿದೆ. ಯಾರೂ ನಿಮ್ಮನ್ನು ಕೇಳಲಿಲ್ಲ. ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ನಿಮಗೂ ಹೊಳೆದಿರಲಿಕ್ಕಿಲ್ಲ. ನಿಮ್ಮ ಸಂಸಾರ ಅದರಿಂದ ಕೆಡಲಿಲ್ಲ ನಿಜ. ಆದರೂ ಮಗಳ ಹೆಸರಿಗೆ ಬಂದಾಗ ನಿಮಗೆ ಇಷ್ಟು ಚುಚ್ಚುತ್ತಿದೆಯಲ್ಲ, ಅದರಲ್ಲಿ ನಿಮ್ಮದೇ ಹಳೆಯ ನೋವಿನ ಪಾಲು ಸ್ವಲ್ಪ ಇದೆ ಎಂದು ನನ್ನ ಅನ್ನಿಸಿಕೆ. ಅದನ್ನು ಮಗಳಿಗೆ ಹೇಳಿ. ‘ಓವಾ ಬೇಡ’ ಎಂದರೆ ಅವಳು ರೇಗುತ್ತಾಳೆ. ‘ನನ್ನ ಹೆಸರಿನಿಂದ ಹಾಸನ ಹೋದಾಗ ನನಗೆ ಹೀಗೆ ಆಗಿತ್ತು’ ಎಂದರೆ ಕೇಳಿಸಿಕೊಳ್ಳುತ್ತಾಳೆ.

ಒಂದು ವ್ಯತ್ಯಾಸ ಮಾತ್ರ ಇದೆ, ಅದು ನಿಮ್ಮ ಮಗಳ ಪರವಾಗಿಯೇ ಇದೆ. ನಿಮ್ಮನ್ನು ಕೇಳದೆ ಬದಲಾಯಿಸಿದರು, ಅವಳನ್ನು ಕೇಳಿಯೇ ಬರೆದುಕೊಳ್ಳುತ್ತಾರೆ. ಚೆಕ್ ದೇಶದಲ್ಲಿ ಮದುವೆಗೆ ಮುಂಚೆ ನೋಂದಣಿ ಕಚೇರಿಯಲ್ಲಿ ಅರ್ಜಿ ತುಂಬುವಾಗಲೇ ಹೆಸರಿನ ವಿಷಯ ಇತ್ಯರ್ಥವಾಗಬೇಕು. ಇಬ್ಬರೂ ತಮ್ಮ ತಮ್ಮ ಹೆಸರನ್ನೇ ಉಳಿಸಿಕೊಳ್ಳಬಹುದು. ಇಬ್ಬರಲ್ಲಿ ಯಾರದಾದರೂ ಒಂದನ್ನು ಮನೆಯ ಹೆಸರಾಗಿ ಆರಿಸಿಕೊಳ್ಳಬಹುದು, ಹುಡುಗನೇ ಹುಡುಗಿಯ ಹೆಸರು ತೆಗೆದುಕೊಳ್ಳಲೂ ಅಡ್ಡಿಯಿಲ್ಲ. ಮನೆಯ ಹೆಸರನ್ನು ಒಪ್ಪಿಕೊಂಡು ಅದರ ಹಿಂದೆ ತನ್ನ ಹಳೆಯ ಹೆಸರನ್ನೂ ಸೇರಿಸಿಕೊಳ್ಳಬಹುದು. ನವ್ರಾತಿಲ್ ಎಂದೇ ಇರಲಿ, ‘ಓವಾ’ ಬೇಡ ಎನ್ನುವ ದಾರಿಯೂ ಇದೆ. ಈ ಕೊನೆಯದು ಮೊದಲು ವಿದೇಶಿ ಹೆಂಗಸರಿಗೆ, ವಿದೇಶಿಯರನ್ನು ಮದುವೆಯಾದವರಿಗೆ, ಹೀಗೆ ಕೆಲವರಿಗಷ್ಟೇ ಸಿಗುತ್ತಿತ್ತು. ಅಲ್ಲಿಯ ಹೆಂಗಸರು ವರ್ಷಗಟ್ಟಲೆ ಕೇಳಿ, ವಾದಿಸಿದ ಮೇಲೆ, 2022ರ ಜನವರಿ 1ರಿಂದ ಯಾವ ಹೆಣ್ಣೇ ಆಗಲಿ ಕಾರಣ ಕೊಡದೆ ‘ಓವಾ’ ಇಲ್ಲದ ರೂಪ ಇಟ್ಟುಕೊಳ್ಳಬಹುದು ಎಂಬ ಕಾನೂನು ಬಂತು. ನಿಮ್ಮ ಮೈದುನನ ತಕರಾರು ಅಲ್ಲಿಯ ಎಷ್ಟೋ ಹೆಣ್ಣುಮಕ್ಕಳದೂ ಆಗಿತ್ತು. ಅಷ್ಟೇ ಪ್ರೀತಿಯಿಂದ ‘ಓವಾ’ ಇಟ್ಟುಕೊಂಡವರೂ ಅಲ್ಲಿ ಬಹಳ ಜನ. ಹುಟ್ಟುವ ಮಕ್ಕಳಿಗೆ ಯಾವ ಹೆಸರು ಎಂಬುದನ್ನೂ ಆಗಲೇ ಬರೆಸಬೇಕು. ಗಂಡುಮಗುವಾದರೆ ನವ್ರಾತಿಲ್, ಹೆಣ್ಣಾದರೆ ನವ್ರಾತಿಲೋವಾ ಎಂಬುದು ರೂಢಿ. ಹೆಣ್ಣುಮಗುವಿಗೂ ‘ಓವಾ’ ಬೇಡವೆನ್ನಲು ಈಗ ತಂದೆ ತಾಯಿಗೆ ಅವಕಾಶವಿದೆ.

ನಿಮ್ಮ ಯಜಮಾನರ ಸಂಕಟ ನನ್ನನ್ನು ಹೆಚ್ಚು ತಟ್ಟಿತು. ನಮ್ಮ ಹಳೇ ಮೈಸೂರಿನವರಿಗೆ ಮನೆತನದ ಹೆಸರು ಎಂಬುದೇ ಹೆಚ್ಚಾಗಿ ಇರಲಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ ಎಂದಾಗ ತಂದೆಯ ಹೆಸರೇ ಸರ್‌ನೇಮ್ ಜಾಗಕ್ಕೆ ಹೋಗಿ ಕೂತಿತು. ಹೀಗಾಗಿ ನಿಮ್ಮ ಮಗಳು ಹೊತ್ತು ತಿರುಗುತ್ತಿರುವುದು ಹತ್ತು ತಲೆಮಾರಿನ ವಂಶದ ಹೆಸರನ್ನಲ್ಲ, ಒಬ್ಬ ಮನುಷ್ಯನ ಹೆಸರನ್ನು, ತನ್ನ ಅಪ್ಪನ ಹೆಸರನ್ನು. ಅದು ಹೋಗುತ್ತದೆ ಎಂದರೆ ಆ ತಂದೆಗೆ ನೋವಾಗದೆ ಇರುತ್ತದೆಯೇ? ಅವರ ಪರವಾಗಿ ನೀವು ಮಾತಾಡಬೇಡಿ. ಅವರೇ ಮಗಳ ಹತ್ತಿರ ಹೇಳಲಿ, ಒಂದು ಸಲ, ನೇರವಾಗಿ: ‘ನಿನ್ನ ಇಷ್ಟ ಏನಿದ್ದರೂ ಸರಿ, ಆದರೆ ನನಗೆ ಹೀಗೆ ಅನ್ನಿಸುತ್ತದೆ.’ ಹಳೆಯ ಹೆಸರನ್ನು ಹಿಂದೆ ಸೇರಿಸಿಕೊಳ್ಳುವ ದಾರಿ ಇದೆ ಎಂದು ಮೇಲೆ ಹೇಳಿದೆನಲ್ಲ, ಮಗಳಿಗೂ ಅದು ಒಪ್ಪಿಗೆಯಾಗಬಹುದು. ಆಗದಿದ್ದರೂ ಅಪ್ಪ ಮನಸ್ಸು ಬಿಚ್ಚಿ ಹೇಳಿದ್ದು ಅವಳ ಜೊತೆ ಇರುತ್ತದೆ.

ಹೆಸರು ಬದಲಾದ ಮಾತ್ರಕ್ಕೆ ಮಗಳು ನಮ್ಮವಳಾಗಿ ಉಳಿಯುವುದಿಲ್ಲ ಎಂಬ ಭಯವಿದ್ದರೆ, ಹತ್ತಿರದ್ದೇ ಒಂದು ಉದಾಹರಣೆ ನೋಡಿ. ನಿಮ್ಮ ಮನೆಯಿಂದ ಕನಕಪುರ ರಸ್ತೆ ಎಷ್ಟು ದೂರ? ಬನಶಂಕರಿ ದಾಟಿ ಮುಂದೆ ಹೋದರೆ ತಾತಗುಣಿ ಎಸ್ಟೇಟ್. ಹಿಂದಿ ಚಿತ್ರರಂಗದ ದೊಡ್ಡ ನಟಿ ದೇವಿಕಾರಾಣಿ ಹುಟ್ಟಿದ್ದು ಚೌಧುರಿ ಮನೆತನದಲ್ಲಿ, ಮೊದಲು ಮದುವೆಯಾದದ್ದು ಹಿಮಾಂಶು ರಾಯ್ ಅವರನ್ನು. ಅವರು ತೀರಿಕೊಂಡ ಮೇಲೆ 1945ರಲ್ಲಿ ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಕೈ ಹಿಡಿದು ದೇವಿಕಾರಾಣಿ ರೋರಿಕ್ ಆದರು. ರಷ್ಯನ್ ಭಾಷೆಯಲ್ಲೂ ಹೆಣ್ಣಿಗೆ ‘ಓವಾ’ ಇದೆ. ಸ್ವೆತೊಸ್ಲಾವ್ ಅವರ ತಾಯಿ ತವರಿನಲ್ಲಿ ಶಪೋಷ್ನಿಕೋವಾ ಆಗಿದ್ದವರು. ಆದರೆ ರೋರಿಕ್ ಎಂಬ ಹೆಸರು ಹೆಂಗಸರಿಗೂ ಹಾಗೆಯೇ ಉಳಿಯಿತು. ಆ ದಂಪತಿ ಬೆಂಗಳೂರಿಗೆ ಬಂದು ತಾತಗುಣಿಯ ನೂರಾರು ಎಕರೆ ತೋಟದ ನಡುವೆ ಕೊನೆಯವರೆಗೂ ಬದುಕಿದರು. 1969ನೇ ಸಾಲಿನ ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದು ದೇವಿಕಾರಾಣಿಯವರಿಗೇ. ಚೌಧುರಿ ಹೋಯಿತು, ರಾಯ್ ಹೋಯಿತು, ರೋರಿಕ್ ಬಂತು. ದೇಶಕ್ಕೆಲ್ಲ ಅವರು ದೇವಿಕಾರಾಣಿ. ನಿಮ್ಮ ಮಗಳಿಗೆ ನೀವು ನಾಮಕರಣದ ದಿನ ಕಿವಿಯಲ್ಲಿ ಹೇಳಿದ ಹೆಸರನ್ನು ಯಾವ ದೇಶದ ಕಾನೂನೂ ಮುಟ್ಟುವುದಿಲ್ಲ.

ಇನ್ನು ಕಾಗದಪತ್ರದ ಮಾತು. ಇದರಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ, ಹೇಳುತ್ತೇನೆ. ಇಲ್ಲಿ ಮದುವೆ ನೋಂದಾಯಿಸಬೇಕೆಂದರೆ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಹೋಗಬೇಕು. ನೋಟಿಸು ಕೊಡುವ ಮುಂಚೆ ಇಬ್ಬರಲ್ಲಿ ಒಬ್ಬರಾದರೂ ಈ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು, ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಕೆಲಸದಲ್ಲಿರುವ ಮಕ್ಕಳಿಗೆ ಅಷ್ಟು ರಜೆ ಎಲ್ಲಿ ಸಿಗುತ್ತದೆ? ಅವರಿರುವ ಬ್ರನೋದಲ್ಲೇ ನೋಂದಣಿ ಮಾಡಿಕೊಂಡು ಇಲ್ಲಿ ಧಾರೆ ಎರೆದುಕೊಡುವುದು ಸಲೀಸು. ಅದಕ್ಕೆ ಮಗಳ ಜನನ ಪ್ರಮಾಣಪತ್ರ, ಅವಿವಾಹಿತೆ ಎಂಬ ಪತ್ರ ಬೇಕಾಗುತ್ತವೆ. ಇಲ್ಲಿಂದ ಕಳಿಸುವ ಪತ್ರಗಳಿಗೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ ಹಾಕಿಸಿ. ಅದಾದ ಮೇಲೆ ಚೆಕ್ ಭಾಷೆಗೆ ಅಲ್ಲಿಯ ಪ್ರಮಾಣಿತ ಅನುವಾದಕರಿಂದಲೇ ಅನುವಾದ ಮಾಡಿಸಬೇಕು. ಇಲ್ಲೇ ನೋಂದಣಿಯಾಗಲಿ ಎಂದು ನಿಮಗೆ ಬಹಳ ಆಸೆಯಿದ್ದರೆ ಅದೂ ಆಗುತ್ತದೆ, ಆಮೇಲೆ ಅದನ್ನು ಅಲ್ಲೂ ದಾಖಲಿಸಿದರಾಯಿತು. ಹೊರದೇಶದಲ್ಲಿ ಆದ ಚೆಕ್ ಪ್ರಜೆಗಳ ಮದುವೆಯನ್ನು ದಾಖಲಿಸುವ ವಿಶೇಷ ಕಚೇರಿ ಇರುವುದು ಆ ಬ್ರನೋ ನಗರದಲ್ಲೇ.

ಮದುವೆಯಾದರೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಲೇಬೇಕು ಎಂಬ ಕಡ್ಡಾಯ ನಮ್ಮ ದೇಶದಲ್ಲಿಲ್ಲ. ಆದರೆ ಅಲ್ಲಿಯ ವಿವಾಹಪತ್ರದಲ್ಲಿ ಹೊಸ ಹೆಸರು ಬರೆಸಿಕೊಂಡರೆ ಭಾರತದ ಪಾಸ್‌ಪೋರ್ಟನ್ನೂ ಆ ಹೆಸರಿಗೆ ಹೊಸದಾಗಿ ಮಾಡಿಸಿಕೊಳ್ಳಬೇಕು. ಇಲ್ಲವಾದರೆ ಅಲ್ಲಿಯ ವಾಸದ ಕಾರ್ಡಿನಲ್ಲಿ ಒಂದು, ವಿಮಾನದ ಟಿಕೆಟ್ಟಿನಲ್ಲಿ ಇನ್ನೊಂದು ಆಗಿ ಏರ್‌ಪೋರ್ಟಿನಲ್ಲಿ ನಿಂತು ಉತ್ತರ ಕೊಡುವುದಾಗುತ್ತದೆ. ಪಾಸ್‌ಪೋರ್ಟಿನ ಹಿಂದೆಯೇ ಆಧಾರ್, ಪ್ಯಾನ್, ಬ್ಯಾಂಕಿನ ಕೆ.ವೈ.ಸಿ. ಬರುತ್ತವೆ. ಒಬ್ಬಳೇ ಮಗಳು ಎಂದಿದ್ದೀರಿ. ನಿಮ್ಮ ಠೇವಣಿಗಳಿಗೆ, ಲಾಕರಿಗೆ ಅವಳನ್ನೇ ನಾಮಿನಿ ಮಾಡಿರುತ್ತೀರಿ, ಮನೆಯ ವಿಲ್ಲಿನಲ್ಲೂ ಅವಳ ಹೆಸರೇ ಇರುತ್ತದೆ. ಹೆಸರು ಬದಲಾದರೆ ಅಲ್ಲೆಲ್ಲ ಬದಲಾಗಲಿ, ಎರಡು ಹೆಸರೂ ಒಬ್ಬಳದೇ ಎಂಬ ಅಫಿಡವಿಟ್ ಒಂದು ಫೈಲಿನಲ್ಲಿರಲಿ. ಇಷ್ಟು ಓಡಾಟ ನೋಡಿದರೆ, ಸದ್ಯಕ್ಕೆ ಇದ್ದ ಹೆಸರನ್ನೇ ಉಳಿಸಿಕೊಂಡು ನಿಧಾನವಾಗಿ ಯೋಚಿಸು ಎಂದು ನಾನಾದರೆ ಹೇಳುತ್ತಿದ್ದೆ. ಆದರೆ ಗಂಡನ ಮನೆಯ ಹೆಸರು ತನಗೆ ಇಷ್ಟ, ‘ಓವಾ’ ಸಹಿತ ಬೇಕು ಎಂದು ಅವಳೇ ಹೇಳಿದರೆ, ಪತ್ರಗಳನ್ನು ಸರಿಮಾಡಿಸಲು ಅವಳ ಜೊತೆ ನಿಲ್ಲಿ, ಆ ಮೇಲೆ ಈ ಮಾತು ಎತ್ತಬೇಡಿ.

ಒಂದು ಕೆಲಸ ಮಾಡಿ. ಹುಡುಗನ ತಾಯಿಯ ಜೊತೆ ವೀಡಿಯೊ ಕಾಲ್‌ನಲ್ಲಿ ಕೂತು ಮಾತಾಡಿ, ಭಾಷೆಗೆ ಮಗಳೇ ನಡುವೆ ಇರಲಿ. ಆಕೆಯ ಹೆಸರಲ್ಲೂ ‘ಓವಾ’ ಇದ್ದೀತು. ಮದುವೆಗೆ ಮುಂಚೆ ನಿಮ್ಮ ಹೆಸರೇನಿತ್ತು, ಬದಲಾದಾಗ ಹೇಗನ್ನಿಸಿತು ಎಂದು ಕೇಳಿ, ನಿಮ್ಮದನ್ನೂ ಹೇಳಿ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೀಗಿತ್ತಿಯರು ಮಾತಾಡಿಕೊಳ್ಳುವುದನ್ನು ಕೇಳುತ್ತಾ ಕೂತಾಗ ಮಗಳ ಸಿಟ್ಟೂ ಇಳಿಯುತ್ತದೆ.

ಲಗ್ನಪತ್ರಿಕೆ ಮಾಡಿಸುವಾಗ ವರನ ತಂದೆಯ ಹೆಸರಿನ ಕೊನೆಗೆ ನವ್ರಾತಿಲ್, ತಾಯಿಯ ಹೆಸರಿನ ಕೊನೆಗೆ ನವ್ರಾತಿಲೋವಾ ಎಂದೇ ಬರೆದು ಕೊಡಿ. ಪ್ರೆಸ್ಸಿನವರು ಅದನ್ನು ತಪ್ಪೆಂದುಕೊಂಡು ತಿದ್ದಿಬಿಡುತ್ತಾರೆ, ಆದ್ದರಿಂದ ಪ್ರೂಫನ್ನು ಮಗಳಿಗೆ ವಾಟ್ಸಾಪ್ ಮಾಡಿ ಅವಳು ಸರಿ ಎಂದ ಮೇಲೆಯೇ ಅಚ್ಚಿಗೆ ಬಿಡಿ.